ಮಾತುಕತೆಗೂ ಒಂದು ಮನೆ ಬೇಕು

ಎರಡು ಸಮುದಾಯಗಳ ನಡುವೆ ಮನಸ್ತಾಪ ಬೆಳೆದಾಗಲೆಲ್ಲ ನಾವು ‘ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ’ ಎನ್ನುತ್ತೇವೆ. ಆದರೆ ಯಾರು ಕೂರಬೇಕು? ಯಾವ ನಿಯಮದಂತೆ ಮಾತಾಡಬೇಕು? ಒಪ್ಪಿಗೆಯಾಯಿತೆಂದು ಹೇಳುವುದು ಯಾವಾಗ? ಈ ಪ್ರಶ್ನೆಗಳಿಗೆ ಉತ್ತರ ಐರ್ಲೆಂಡಿನ ಚರಿತ್ರೆಯಲ್ಲಿ ಪಾಠವಿದೆ.

ಅಲ್ಲಿ ಬ್ರಿಟನ್ನಿನ ಜೊತೆಗಿರಬೇಕೆಂಬ ಯೂನಿಯನಿಸ್ಟರಲ್ಲಿ ಬಹುತೇಕರು ಪ್ರೊಟೆಸ್ಟೆಂಟರು. ಐರ್ಲೆಂಡಿನೊಡನೆ ಒಂದಾಗಬೇಕೆಂಬ ರಾಷ್ಟ್ರೀಯವಾದಿಗಳಲ್ಲಿ ಬಹುತೇಕರು ಕ್ಯಾಥೊಲಿಕರು. ಜಗಳವಿದ್ದುದು ದೇವರ ಬಗ್ಗೆಯಲ್ಲ, ನಾಡು ಯಾರಿಗೆ ಸೇರಬೇಕೆಂಬ ಬಗ್ಗೆ. ಮೂರು ದಶಕಗಳಲ್ಲಿ ಸುಮಾರು 3,500 ಜನ ಪ್ರಾಣ ಕಳೆದುಕೊಂಡರು.

ಮಾತುಕತೆಗಾಗಿಯೇ 1996ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು. 110 ಸ್ಥಾನಗಳಲ್ಲಿ 90 ಕ್ಷೇತ್ರಗಳಿಂದ ತುಂಬಿದವು. ಉಳಿದ 20 ಸ್ಥಾನಗಳು, ಹೆಚ್ಚು ಮತ ಪಡೆದ ಹತ್ತು ಪಕ್ಷಗಳಿಗೆ ತಲಾ ಎರಡರಂತೆ ಹಂಚಿಕೆಯಾದವು. ಇದರಿಂದ ಬಂದೂಕುಧಾರಿ ಗುಂಪುಗಳ ನಂಟಿದ್ದ ಸಣ್ಣ ಪಕ್ಷಗಳೂ, ಎರಡೂ ಸಮುದಾಯಗಳ ಮಹಿಳೆಯರು ಸೇರಿ ಆಗಷ್ಟೇ ಕಟ್ಟಿದ್ದ ಮಹಿಳಾ ಒಕ್ಕೂಟವೂ ಒಳಗೆ ಬಂದವು. ಹಿಂಸೆಯನ್ನು ತೊರೆಯುವ ತತ್ವಗಳಿಗೆ ಬದ್ಧರಾಗುವುದು ಪ್ರವೇಶದ ಷರತ್ತು. ತೀರ್ಮಾನಕ್ಕೆ ಬರೀ ಬಹುಮತ ಸಾಲದು. ಎರಡೂ ಸಮುದಾಯಗಳ ಒಳಗೆ ಪ್ರತ್ಯೇಕವಾಗಿ ಬಹುಮತ ಬೇಕಿತ್ತು. ಸಂಖ್ಯೆಯಲ್ಲಿ ಕಡಿಮೆಯಿದ್ದವರಿಗೆ ಧೈರ್ಯ ಕೊಟ್ಟದ್ದು ಇದೇ ನಿಯಮ.

ಎಲ್ಲವೂ ಸುಗಮವಾಗಿರಲಿಲ್ಲ. 1997ರಲ್ಲಿ ಸಿನ್ ಫೇನ್‌ಗೆ ಬಾಗಿಲು ತೆರೆದಾಗ ಇಯಾನ್ ಪೈಸ್ಲಿಯವರ ಪಕ್ಷ ಎದ್ದು ಹೋಯಿತು. ಡೇವಿಡ್ ಟ್ರಿಂಬಲ್ಲರ ಪಕ್ಷ ಉಳಿಯಿತಾದರೂ ಸಿನ್ ಫೇನ್ ಮುಖಂಡರೊಡನೆ ನೇರವಾಗಿ ಮಾತಾಡಲಿಲ್ಲ; ಹೇಳಬೇಕಾದ್ದನ್ನು ಅಧ್ಯಕ್ಷರನ್ನು ಉದ್ದೇಶಿಸಿ ಹೇಳಿತು. ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅಧ್ಯಕ್ಷತೆಯಲ್ಲಿ 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಮೇ 22ರ ಜನಮತ ಸಂಗ್ರಹದಲ್ಲಿ ಉತ್ತರ ಐರ್ಲೆಂಡಿನ 71% ಮತದಾರರು ಅದನ್ನು ಒಪ್ಪಿದರು. ಅಂದರೆ, ಸ್ನೇಹ ಹುಟ್ಟಿದ ಮೇಲೆ ಸಂವಾದ ನಡೆಯಲಿಲ್ಲ. ಸ್ನೇಹವಿಲ್ಲದವರೂ ಕೂರಬಹುದಾದ ಏರ್ಪಾಡಿನಿಂದ ಅದು ನಡೆಯಿತು.

ಆದರೆ ಇದಕ್ಕೆ ಬೆಲೆಯೂ ತೆರಬೇಕಾಯಿತು. ಹೊಸ ವಿಧಾನಸಭೆಯಲ್ಲಿ ಪ್ರತಿ ಸದಸ್ಯನೂ ತಾನು ಯೂನಿಯನಿಸ್ಟ್, ರಾಷ್ಟ್ರೀಯವಾದಿ ಅಥವಾ ‘ಇತರ’ ಎಂದು ದಾಖಲಿಸಬೇಕು. ಮಹತ್ವದ ವಿಷಯಗಳಲ್ಲಿ ‘ಇತರ’ರ ಮತಕ್ಕೆ ಅಷ್ಟು ತೂಕವಿಲ್ಲ. 2001ರಲ್ಲಿ ಸರಕಾರ ಉಳಿಸಲು ಅಲಯನ್ಸ್ ಪಕ್ಷದ ಮೂವರು ತಾತ್ಕಾಲಿಕವಾಗಿ ‘ಯೂನಿಯನಿಸ್ಟ’ರಾಗಬೇಕಾಯಿತು! ಜನಸಾಮಾನ್ಯರ ಸಂಘಟನೆಗಳಿಗಾಗಿ 2000ದಲ್ಲಿ ಆರಂಭವಾದ ನಾಗರಿಕ ವೇದಿಕೆ ಎರಡೇ ವರ್ಷಗಳಲ್ಲಿ ನಿಂತುಹೋಯಿತು.

ಹಿಂಸೆ ನಿಲ್ಲಿಸಲು ಸಮುದಾಯಗಳ ಗುರುತನ್ನು ಮಾನ್ಯ ಮಾಡಬೇಕಾಗುತ್ತದೆ, ನಿಜ. ಆದರೆ ಮನುಷ್ಯ ಆ ಗುರುತನ್ನು ದಾಟಿ ಬರಲು ಬಾಗಿಲೊಂದು ತೆರೆದಿರಬೇಡವೆ? ನಮ್ಮೂರಿನ ಶಾಂತಿ ಸಭೆಗಳಿಗೂ ಆಯಾ ಸಮುದಾಯದ ಮುಖಂಡರನ್ನಷ್ಟೇ ಕರೆದು ಕೈತೊಳೆದುಕೊಳ್ಳುವ ನಾವು ಇದನ್ನು ಯೋಚಿಸಬೇಕಿದೆ.