ಇನ್ನೂರು ರೂಪಾಯಿ ಕಾಣುತ್ತೆ, ಅರ್ಧ ಪರ್ಸೆಂಟ್ ಕಾಣಲ್ಲ: ಮೆದುಳು ಸಂಖ್ಯೆಯನ್ನು ಓದುವ ಬಗೆ

2025ರ ನವೆಂಬರ್‌ನಲ್ಲಿ ಮುಧೋಳದ ಬೀದಿಗಳಲ್ಲಿ ಎರಡು ಸಂಖ್ಯೆಗಳು ಎದುರುಬದುರಾಗಿ ನಿಂತಿದ್ದವು. ಟನ್ ಕಬ್ಬಿಗೆ ರೈತರು ಕೇಳಿದ್ದು 3,500 ರೂಪಾಯಿ. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿ ಘೋಷಿಸಿದ್ದು 3,300. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಹೋರಾಟ ತಣ್ಣಗಾದರೂ ಮುಧೋಳದಲ್ಲಿ ಆಗಲಿಲ್ಲ. ನವೆಂಬರ್ 13ರಂದು ಮಹಾಲಿಂಗಪುರ ಸಮೀಪದ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬೆಂಕಿ ಬಿತ್ತು.

ಟಿವಿ ಚರ್ಚೆ, ವಾಟ್ಸ್ಆ್ಯಪ್ ಗ್ರೂಪು, ಎಲ್ಲ ಕಡೆ ಮಾತು ನಡೆದದ್ದು ಆ ನಡುವಿನ 200 ರೂಪಾಯಿ ಬಗ್ಗೆ. ಆದರೆ ಸರ್ಕಾರದ 3,300ಕ್ಕೆ ಒಂದು ಬಾಲ ಇತ್ತು: ರಿಕವರಿ 11.25 ಪರ್ಸೆಂಟ್ ಇರಬೇಕು. ಆ ಷರತ್ತಿನ ಬಗ್ಗೆಯೂ ಮುಧೋಳ ಭಾಗದ ರೈತರು ತಕರಾರು ಎತ್ತಿದ್ದರು. ದೂರದಿಂದ ನೋಡುತ್ತಿದ್ದ ನಮ್ಮಂಥವರ ತಲೆಯೊಳಗೆ ಮಾತ್ರ ಅದು ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಅನ್ನೋದಕ್ಕೆ ಉತ್ತರ ಅರ್ಧ ಸಕ್ಕರೆ ಲೆಕ್ಕದಲ್ಲಿದೆ, ಅರ್ಧ ಮೆದುಳಿನಲ್ಲಿದೆ.

ಮೊದಲು ಸಕ್ಕರೆ ಲೆಕ್ಕ

ರಿಕವರಿ ಅಂದ್ರೆ 100 ಕೆಜಿ ಕಬ್ಬು ಅರೆದರೆ ಎಷ್ಟು ಕೆಜಿ ಸಕ್ಕರೆ ಸಿಗುತ್ತೆ ಅನ್ನೋದು. ಇದು ನಿಮ್ಮ ಹೊಲದ ಕಬ್ಬಿನ ಅಳತೆ ಅಲ್ಲ, ಇಡೀ ಕಾರ್ಖಾನೆಯ ಸರಾಸರಿ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, 10.25 ಪರ್ಸೆಂಟ್ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1 ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿತ. 9.5ಕ್ಕಿಂತ ಕೆಳಗೆ ಹೋದರೆ ಮಾತ್ರ ಮತ್ತೆ ಕಡಿತ ಇಲ್ಲ.

ಈಗ ಟನ್‌ಗೆ ತಿರುಗಿಸಿ. 0.1 ಅಂದ್ರೆ 34.60 ರೂಪಾಯಿ. 11.25 ಇದ್ದದ್ದು 10.75 ಆಯ್ತು ಅಂದುಕೊಳ್ಳಿ. ಕೇಳೋಕೆ ಬರೀ "ಅರ್ಧ ಪರ್ಸೆಂಟ್". ಎಫ್‌ಆರ್‌ಪಿ ಲೆಕ್ಕದಲ್ಲಿ ಟನ್‌ಗೆ 173 ರೂಪಾಯಿ. ಎಕರೆಗೆ 40 ಟನ್ ಬೆಳೆಯುವ, ಮೂರು ಎಕರೆಯ ರೈತನಿಗೆ 20,760 ರೂಪಾಯಿ. ವಾರಗಟ್ಟಲೆ ರಸ್ತೆ ಬಂದ್ ಮಾಡಿಸಿದ 200 ರೂಪಾಯಿಯ ಹತ್ತಿರ ಹತ್ತಿರವೇ ಬಂತು. ಇನ್ನೂರಕ್ಕೆ ನಾವೆಲ್ಲ ಎದ್ದು ಕೂತೆವು. ಅರ್ಧ ಪರ್ಸೆಂಟ್‌ಗೆ ಆಕಳಿಸಿದೆವು.

ಈಗ ಮೆದುಳು

ಸಂಖ್ಯೆಯ ಅರಿವು ಶಾಲೆಯಲ್ಲಿ ಶುರುವಾಗೋದಲ್ಲ. 1992ರಲ್ಲಿ ಕ್ಯಾರೆನ್ ವಿನ್ ಎಂಬ ಮನೋವಿಜ್ಞಾನಿ ಐದು ತಿಂಗಳ ಕೂಸುಗಳ ಎದುರು ಒಂದು ಬೊಂಬೆ ಇಟ್ಟು, ಪರದೆ ಮುಚ್ಚಿ, ಇನ್ನೊಂದು ಸೇರಿಸಿದರು. ಪರದೆ ತೆಗೆದಾಗ ಒಂದೇ ಬೊಂಬೆ ಇದ್ದರೆ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಏನೋ ತಪ್ಪಿದೆ ಅಂತ ಅವಕ್ಕೂ ಅನ್ನಿಸಿತ್ತು. ಪ್ರಮಾಣವನ್ನು ಅಂದಾಜಿಸುವ ಈ ಕೆಲಸಕ್ಕೆ ಮುಖ್ಯವಾಗಿ ತಲೆಯ ಮೇಲ್ಭಾಗದ ಹಿಂಬದಿಯಲ್ಲಿ, ಎರಡೂ ಪಕ್ಕ ಇರುವ ಒಂದು ಮಡಿಕೆ ನೆರವಾಗುತ್ತದೆ. ಅದರ ಹೆಸರು ಇಂಟ್ರಾಪರೈಟಲ್ ಸಲ್ಕಸ್.

ಆದರೆ ಈ ಯಂತ್ರ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಥರ ಅಲ್ಲ. ಮೂರು-ನಾಲ್ಕು ವಸ್ತುಗಳವರೆಗೆ ಎಣಿಸದೇ ಹೇಳುತ್ತೆ, ಅದರಾಚೆ ಅಂದಾಜು. ಆ ಅಂದಾಜು ನಡೆಯೋದು ವ್ಯತ್ಯಾಸದ ಮೇಲಲ್ಲ, ಅನುಪಾತದ ಮೇಲೆ. 10 ಮತ್ತು 20ರ ಫರಕು ಥಟ್ಟನೆ ಗೊತ್ತಾಗುತ್ತೆ, 110 ಮತ್ತು 120ರದ್ದು ಗೊತ್ತಾಗಲ್ಲ. ಎರಡರಲ್ಲೂ ಇರೋದು ಹತ್ತೇ. ಬ್ರೆಜಿಲ್‌ನ ಮುಂಡುರುಕು ಬುಡಕಟ್ಟಿನವರಿಗೆ ಒಂದು ಗೆರೆ ತೋರಿಸಿ 1ರಿಂದ 10ರವರೆಗೆ ಜೋಡಿಸಿ ಅಂದಾಗ, ಅವರು ಚಿಕ್ಕ ಸಂಖ್ಯೆಗಳಿಗೆ ಜಾಸ್ತಿ ಜಾಗ ಕೊಟ್ಟು ದೊಡ್ಡವನ್ನು ಒತ್ತೊತ್ತಾಗಿ ಇಟ್ಟರು. ಸ್ಟಾನಿಸ್ಲಾಸ್ ಡೆಹಾನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಎಂಜಿನಿಯರಿಂಗ್‌ನಲ್ಲಿ ನಾವು ಉರುಹೊಡೆದ ಲಾಗ್ ಸ್ಕೇಲ್ ಮನುಷ್ಯನ ತಲೆಯಲ್ಲಿ ಮೊದಲೇ ಇತ್ತು.

ಈ ಒಂದು ಗುಣ ದಿನದ ಬದುಕಿನಲ್ಲಿ ಎಲ್ಲೆಲ್ಲಿ ಕೈಕೊಡುತ್ತೆ ಅಂತ ಇದೇ ನಾಲ್ಕು ತಾಲ್ಲೂಕುಗಳಲ್ಲಿ ನೋಡೋಣ.

ಜಮಖಂಡಿಯ ಸಂತೆ, ಕಾರ್ಖಾನೆಯ ಕಾಟಾ

ಸಂತೆಯಲ್ಲಿ 20 ರೂಪಾಯಿಯ ಕೊತ್ತಂಬರಿ ಸಿವುಡಿಗೆ ಐದು ರೂಪಾಯಿ ಚೌಕಾಸಿ ಮಾಡ್ತೀವಿ. 20,000ದ ಫೋನ್ ಕೊಳ್ಳುವಾಗ 200 ರೂಪಾಯಿ ಹೆಚ್ಚು ಅಂದ್ರೂ ತಲೆ ಕೆಡಿಸಿಕೊಳ್ಳಲ್ಲ. 1981ರಲ್ಲಿ ಟ್ವರ್ಸ್ಕಿ ಮತ್ತು ಕಾನ್ಮನ್ ಇದನ್ನೇ ಕೇಳಿದ್ದರು. 5 ಡಾಲರ್ ಉಳಿಸಲು 20 ನಿಮಿಷ ದೂರದ ಅಂಗಡಿಗೆ ಹೋಗ್ತೀರಾ? ವಸ್ತು 15 ಡಾಲರ್‌ನದಾದರೆ 68 ಪರ್ಸೆಂಟ್ ಜನ ಹೂಂ ಅಂದರು. 125 ಡಾಲರ್‌ನದಾದರೆ 29 ಪರ್ಸೆಂಟ್ ಮಾತ್ರ. ಉಳಿಯುವ ದುಡ್ಡು ಎರಡೂ ಕಡೆ ಅಷ್ಟೇ.

ಈ ಕುರುಡು ಕಾಟಾದಲ್ಲಿ ದುಬಾರಿಯಾಗುತ್ತೆ. ತೂಕದಲ್ಲಿ ಮೋಸ ಆಗುತ್ತೆ ಅನ್ನೋದು ಕಬ್ಬು ಬೆಳೆಗಾರರ ಹಳೇ ದೂರು. 20 ಟನ್ ಲೋಡಿನಲ್ಲಿ 2 ಪರ್ಸೆಂಟ್ ಕಮ್ಮಿ ತೋರಿಸಿದರೆ 400 ಕೆಜಿ ಹೋಯ್ತು. 3,300ರ ಲೆಕ್ಕದಲ್ಲಿ 1,320 ರೂಪಾಯಿ. ನಮ್ಮ ಮೂರು ಎಕರೆಯ ರೈತನ ಆರು ಲೋಡಿಗೆ 7,920. ಎಣಿಸದೆ ಅಂದಾಜಿಸುವಾಗ ವಯಸ್ಕರ ಮೆದುಳು ಹತ್ತು-ಹದಿನೈದು ಪರ್ಸೆಂಟ್‌ಗಿಂತ ಸಣ್ಣ ಫರಕು ಹಿಡಿಯೋಕೆ ತಿಣುಕುತ್ತೆ. ಹಾಗಾಗಿ ಟ್ರಾಲಿ ನೋಡಿ 2 ಪರ್ಸೆಂಟ್ ಹಿಡಿಯುವ ಕಣ್ಣು ಯಾರಿಗೂ ಇಲ್ಲ. ಸ್ವತಂತ್ರ ಕಾಟಾ ಬೇಕು ಅನ್ನೋ ಬೇಡಿಕೆಯನ್ನು ಅನುಮಾನದ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ.

ರಬಕವಿ-ಬನಹಟ್ಟಿಯ ಬಡ್ಡಿ

ಮಗ್ಗದ ಊರುಗಳಲ್ಲಿ ನೂಲಿಗೂ ಸಾಲ, ಮದುವೆಗೂ ಸಾಲ. ಕೈಸಾಲದ ಬಡ್ಡಿಯನ್ನು ನಮ್ಮ ಕಡೆ ಹೇಳೋದೇ "ನೂರಕ್ಕೆ ಮೂರು" ಅಂತ. ಮೂರು ಅಂದ್ರೆ ಮೆದುಳಿಗೆ ತೀರಾ ಸಣ್ಣದು, ಎಣಿಸಲೂ ಬೇಕಾಗದಷ್ಟು. ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ 36. ಐವತ್ತು ಸಾವಿರಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000. ಎರಡು ವರ್ಷ ಹತ್ತು ತಿಂಗಳಾಗುವಷ್ಟರಲ್ಲಿ ಬಡ್ಡಿಯೇ ಅಸಲನ್ನು ದಾಟುತ್ತೆ, ಅಸಲು ಹಾಗೇ ಕೂತಿರುತ್ತೆ. ಬ್ಯಾಂಕು ವರ್ಷಕ್ಕೆ 12 ಅಂದಾಗ "ಅಬ್ಬಾ ಹನ್ನೆರಡಾ" ಅನ್ನಿಸಿ, ಊರಿನ ಮೂರು ಹಗುರ ಅನ್ನಿಸೋದು ಇದೇ ಕಾರಣಕ್ಕೆ.

ಬೀಳಗಿಯ ಐದು ಮೀಟರ್

ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ವಿಷಯ ವರ್ಷಗಳಿಂದ ಸುದ್ದಿಯಲ್ಲಿದೆ. 519, 524: ಓದಿದರೆ ಏನೂ ಅನ್ನಿಸಲ್ಲ. ಅಕ್ಕಪಕ್ಕದ ಸಂಖ್ಯೆಗಳನ್ನು ಹೋಲಿಸಲು ಮೆದುಳು ಹೆಚ್ಚು ಹೊತ್ತು ತಗೊಳ್ಳುತ್ತೆ, ಹೆಚ್ಚು ತಪ್ಪು ಮಾಡುತ್ತೆ ಅಂತ ಮೋಯರ್ ಮತ್ತು ಲ್ಯಾಂಡಾವರ್ 1967ರಲ್ಲೇ ತೋರಿಸಿದ್ದರು. ಆದರೆ ಆ 519 ಎಣಿಸಿರೋದು ಸಮುದ್ರ ಮಟ್ಟದಿಂದ. ಬೀಳಗಿಯ ನದಿದಂಡೆಯ ರೈತನ ಹೊಲಕ್ಕೂ ಸಮುದ್ರಕ್ಕೂ ಏನು ಸಂಬಂಧ? ಅವನಿಗೆ ಬೇಕಾದದ್ದು ಏರಿಕೆ: 4.656 ಮೀಟರ್, ಹದಿನೈದು ಅಡಿಗಿಂತ ಹೆಚ್ಚು. ಮುಳುಗುವ ಜಮೀನು 75,563 ಎಕರೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಪರಿಹಾರ ಎಕರೆಗೆ ನೀರಾವರಿಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ.

ಇಡೀ ಯೋಜನೆಗೆ ಆಗುತ್ತೆ ಅಂತ ಹೇಳುವ ಮೊತ್ತ ಸುಮಾರು 70,000 ಕೋಟಿ. ಲಕ್ಷ ಸೆಕೆಂಡ್ ಅಂದ್ರೆ ಒಂದು ದಿನದ ಮೇಲೆ ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ. ಕೋಟಿ ಸೆಕೆಂಡ್ ಅಂದ್ರೆ 116 ದಿನ. 70,000 ಕೋಟಿ ಸೆಕೆಂಡ್ ಅಂದ್ರೆ ಇಪ್ಪತ್ತೆರಡು ಸಾವಿರ ವರ್ಷ. ಭಾಷಣದಲ್ಲಿ ಮಾತ್ರ ಮೂರಕ್ಕೂ ಒಂದೇ ಉಸಿರು ಸಾಕು.

ಲೆಕ್ಕ ಬರಲ್ಲ ಅನ್ನೋದು ಸುಳ್ಳು

ಇದನ್ನೆಲ್ಲ ಓದಿ "ಜನಕ್ಕೆ ಲೆಕ್ಕ ಬರಲ್ಲ" ಅಂತ ತೀರ್ಮಾನಕ್ಕೆ ಬಂದರೆ ತಪ್ಪು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಬಾಯಿಲೆಕ್ಕವನ್ನು ಸರಾಗವಾಗಿ ಮಾಡುವ ಮಕ್ಕಳು, ಶಾಲೆಯ ಪುಸ್ತಕದ ರೂಪದಲ್ಲಿ ಲೆಕ್ಕ ಕೊಟ್ಟಾಗ ಎಡವಿದರು. ಶಾಲೆಗೆ ಹೋಗುವ ಮಕ್ಕಳದ್ದು ಇದರ ಉಲ್ಟಾ. ಅಂದ್ರೆ ತೊಡಕು ಬುದ್ಧಿಯದ್ದಲ್ಲ, ಲೆಕ್ಕ ಯಾವ ರೂಪದಲ್ಲಿ ಕೈಗೆ ಬರುತ್ತೆ ಅನ್ನೋದು. ನಮ್ಮ ಅಜ್ಜಂದಿರು ಸವ್ವಾ, ದೀಡ, ಅಡೀಚದಲ್ಲಿ ಧಾನ್ಯದ ಲೆಕ್ಕವನ್ನು ಕಣ್ಣುಮುಚ್ಚಿ ಮಾಡ್ತಿದ್ದರು. ಅವರ ಕೈಗೆ ಯಾರೂ 10.75 ರಿಕವರಿ ಕೊಟ್ಟಿರಲಿಲ್ಲ.

ರೂಪವನ್ನು ಆರಿಸೋದು ಯಾರು ಅನ್ನೋದೇ ಇಲ್ಲಿ ರಾಜಕೀಯ ಪ್ರಶ್ನೆ. ಬಡ್ಡಿ ತಿಂಗಳಲ್ಲಿ, ನೀರು ಸಮುದ್ರ ಮಟ್ಟದಲ್ಲಿ, ಸಕ್ಕರೆ ಪರ್ಸೆಂಟ್‌ನಲ್ಲಿ, ಬಜೆಟ್ ಕೋಟಿಯಲ್ಲಿ. ಇದರ ಹಿಂದೆ ಪ್ರತಿ ಸಲ ಸಂಚು ಇರಬೇಕು ಅಂತೇನಿಲ್ಲ. ಆದರೆ ಆ ಅಳತೆ ಆರಿಸಿದವರಲ್ಲಿ ಸಾಲಗಾರ, ಬೆಳೆಗಾರ, ಹೊಲ ಕಳೆದುಕೊಳ್ಳುವವ ಯಾರೂ ಇರಲಿಲ್ಲ.

ಮುಂದಿನ ಸಲ ಒಂದು ಸಂಖ್ಯೆ ಎದುರಾದಾಗ ಮೂರು ಪ್ರಶ್ನೆ ಕೇಳಿ. ಎಲ್ಲಿಂದ ಎಣಿಸಿದ್ದು? ಎಷ್ಟು ಕಾಲಕ್ಕೆ? ನನ್ನ ಒಂದು ಎಕರೆಗೆ, ಒಂದು ಲೋಡಿಗೆ, ಒಂದು ತಿಂಗಳ ಪಗಾರಕ್ಕೆ ಎಷ್ಟಾಯ್ತು? ಮೂರನೆಯದಕ್ಕೆ ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಮುಂದಿನ ಹಂಗಾಮಿನಲ್ಲಿ ಕಾರ್ಖಾನೆ ಬೋರ್ಡಿನ ಮೇಲೆ ರಿಕವರಿ ಬರೆದಾಗ, ಅದರ ಪಕ್ಕ ಟನ್‌ಗೆ ಎಷ್ಟು ರೂಪಾಯಿ ಅಂತಲೂ ಬರೆಯಿರಿ ಅಂತ ಕೇಳಿ. ಅದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ, ಒಂದು ಸೀಮೆಸುಣ್ಣ ಸಾಕು.