ಹಗ್ಗದ ಮೇಲಿನ ಕೈಗಳು

1982ರಲ್ಲಿ ಆಪರೇಷನ್ ಥಿಯೇಟರಿಗೆ ನರ್ಸಾಗಿ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ ಗ್ಲೌಸ್ ತೊಳೆಯುವುದು. ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ರಕ್ತ ಕಚ್ಚಿಕೊಳ್ಳುತ್ತದೆ. ಆಮೇಲೆ ಸೋಪು, ಒಳಮೈ ಮಗುಚಿ ಮತ್ತೊಮ್ಮೆ ಸೋಪು. ಗಾಳಿ ತುಂಬಿ, ಬಾಯಿ ತಿರುಚಿ ನೀರಲ್ಲಿ ಅದ್ದಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತಿತ್ತು. ಅಂಥದ್ದು ಆಪರೇಷನ್ನಿಗೆ ಸಲ್ಲದು. ಒಣಗಿದ ಮೇಲೆ ಪೌಡರ್ ಹಚ್ಚಿ, ಜೋಡಿಮಾಡಿ, ಬಟ್ಟೆ ಸುತ್ತಿ ಆಟೋಕ್ಲೇವಿಗೆ: 15 ಪೌಂಡ್ ಒತ್ತಡ, 121 ಡಿಗ್ರಿ. ಹಗ್ಗಕ್ಕೆ ನೇತುಬಿದ್ದ ಆ ಕೈಗಳನ್ನು ನೋಡಿ ನಮ್ಮ ಆಯಾ ‘ದೆವ್ವದ ಸಂತೆ’ ಅನ್ನುತ್ತಿದ್ದಳು.

ಥಿಯೇಟರಿಗೆ ರಬ್ಬರ್ ಕೈಗವಸು ಬಂದದ್ದೇ ಒಬ್ಬ ನರ್ಸಿನ ದೆಸೆಯಿಂದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಾದರಸದ ದ್ರಾವಣ ತಾಗಿ ಕ್ಯಾರೋಲಿನ್ ಹ್ಯಾಂಪ್ಟನ್ ಕೈಚರ್ಮ ಕೆಟ್ಟಾಗ, ಸರ್ಜನ್ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಯಿಂದ ಮಾಡಿಸಿಕೊಟ್ಟರು. 1890ರಲ್ಲಿ ಅವಳನ್ನೇ ಮದುವೆಯೂ ಆದರು. ಸೋಂಕಿನ ಮಾತು ಆಮೇಲಿನದು!

ಏಡ್ಸ್ ಭಯ ಹಬ್ಬಿದ ಮೇಲೆ ಒಮ್ಮೆ ಹಾಕಿ ಎಸೆಯುವ ಗ್ಲೌಸ್ ಬಂತು; ಹಗ್ಗ ಬಿಚ್ಚಿದೆವು.

2020ರಲ್ಲಿ, ಕೋವಿಡ್ ಕಾಲದಲ್ಲಿ, ಮಗಳ ಫೋನು: “ಅಮ್ಮಾ, ಎನ್‌95 ಮಾಸ್ಕ್ ತೊಳೀಬಹುದಾ?”

“ಬೇಡ ಕಣೇ. ಸ್ಪಿರಿಟ್ಟೂ ಸೋಕಿಸ್ಬೇಡ.” ಅದರ ಪದರಕ್ಕಿರುವ ವಿದ್ಯುದಂಶವೇ ಮುಖ್ಯವಾಗಿ ಕಣ ಹಿಡಿಯುವುದು, ಸ್ಪಿರಿಟ್ ಅದನ್ನು ಅಳಿಸುತ್ತದೆ. ನನ್ನ ವಿದ್ಯೆ ಅಲ್ಲಿ ನಡೆಯಲಿಲ್ಲ. ಮತ್ತೆ ಹಾಕಬೇಕೆಂದರೆ ಮಾಸ್ಕುಗಳನ್ನು ಸರದಿಯಲ್ಲಿ ದಿನಗಟ್ಟಲೆ ಹಾಗೇ ಬಿಡಬೇಕಿತ್ತು. ಅವಳು ಕಳಿಸಿದ ಫೋಟೋದಲ್ಲಿ ಹಗ್ಗಕ್ಕೆ ಕಾಗದದ ಕವರುಗಳು, ಒಂದೊಂದರ ಮೇಲೂ ವಾರದ ಹೆಸರು.