ವಿಸೆಂಟೆ ಡೆಲ್ ಬೋಸ್ಕೆ

ವಿಸೆಂಟೆ ಡೆಲ್ ಬೋಸ್ಕೆ (ಜನನ: 23 ಡಿಸೆಂಬರ್ 1950, ಸಾಲಮಾಂಕಾ) ಸ್ಪೇನಿನ ಮಾಜಿ ಫುಟ್‌ಬಾಲ್ ಆಟಗಾರ ಮತ್ತು ತರಬೇತುದಾರ. ವಿಶ್ವಕಪ್, ಯೂರೊ ಕಪ್ ಹಾಗೂ ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದುಕೊಟ್ಟ ಮೊದಲ ತರಬೇತುದಾರ ಇವರೇ. ಇಷ್ಟು ಗೆದ್ದೂ ಇಷ್ಟು ಕಡಿಮೆ ಮಾತಾಡಿದವರು ಈ ಆಟದಲ್ಲಿ ವಿರಳ. ತನ್ನ ಮುದ್ರೆಯನ್ನು ತಂಡದ ಮೇಲೆ ಒತ್ತುವ ಬದಲು, ಇರುವ ಆಟಗಾರರ ಬಲವನ್ನು ಕೆಡದಂತೆ ಕಾಯುವುದು ಅವರ ಪದ್ಧತಿಯಾಗಿತ್ತು.

ತಂದೆ ರೈಲ್ವೆ ನೌಕರ. ಗಣರಾಜ್ಯದ ಪರವಾಗಿದ್ದ ಅವರು ಸರ್ವಾಧಿಕಾರಿ ಫ್ರಾಂಕೊ ಆಡಳಿತದಲ್ಲಿ ಸೆರೆಮನೆ ಕಂಡವರು. ಮಗ 1968ರಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಯುವ ತಂಡ ಸೇರಿದರು. ಕಾರ್ಡೊಬಾ ಮತ್ತು ಕಾಸ್ಟೆಯೋನ್ ಕ್ಲಬ್ಬುಗಳಿಗೆ ಎರವಲಾಗಿ ಹೋಗಿ ಆಡಿ, 1973ರಲ್ಲಿ ಮ್ಯಾಡ್ರಿಡ್‌ಗೆ ಮರಳಿದ ಮೇಲೆ 1984ರವರೆಗೂ ಅಲ್ಲೇ ಉಳಿದರು. ಎತ್ತರದ ನಿಲುವಿನ ಈ ಮಿಡ್‌ಫೀಲ್ಡರ್ ವೇಗದಲ್ಲಿ ಹಿಂದೆ, ಚೆಂಡು ಎಲ್ಲಿಗೆ ಹೋಗಬೇಕೆಂಬ ಅರಿವಿನಲ್ಲಿ ಮುಂದೆ. ಐದು ಲೀಗ್ ಪ್ರಶಸ್ತಿ, ನಾಲ್ಕು ಸ್ಪ್ಯಾನಿಷ್ ಕಪ್ ಗೆದ್ದ ತಂಡಗಳಲ್ಲಿದ್ದರು. ಸ್ಪೇನ್ ಪರ 18 ಪಂದ್ಯ ಆಡಿದರು. 1981ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು 0-1ರಿಂದ ಸೋತದ್ದು ಆಟಗಾರರಾಗಿ ಅವರಿಗೆ ಉಳಿದ ದೊಡ್ಡ ಕೊರತೆ.

ಬೂಟು ಕಳಚಿಟ್ಟ ಮೇಲೆ ಅವರು ಹಿಡಿದದ್ದು ಹುಡುಗರನ್ನು ತಯಾರು ಮಾಡುವ ಕೆಲಸ. ಮೀಸಲು ತಂಡ ಕಾಸ್ಟಿಯಾವನ್ನು ಪಳಗಿಸಿದರು, ಆಮೇಲೆ ಕ್ಲಬ್ಬಿನ ಇಡೀ ಯುವ ವಿಭಾಗದ ಹೊಣೆ ಹೊತ್ತರು. ಅವರನ್ನು ಅರ್ಥಮಾಡಿಕೊಳ್ಳಲು ಪ್ರಶಸ್ತಿಗಳ ಪಟ್ಟಿಗಿಂತ ಈ ವರ್ಷಗಳೇ ಹೆಚ್ಚು ನೆರವಾಗುತ್ತವೆ. ಹದಿಹರೆಯದವರನ್ನು ಬೆಳೆಸುವವನಿಗೆ ಗೆಲುವಿನ ಆತುರ ಇರಕೂಡದು. ಯಾರನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂಬ ತಾಳ್ಮೆ ಬೇಕು. ಆ ತಾಳ್ಮೆ ಮುಂದೆ ಜಗತ್ತಿನ ಅತಿ ದುಬಾರಿ ಆಟಗಾರರ ಮುಂದೆಯೂ ಕೆಲಸಕ್ಕೆ ಬಂತು. 1994 ಮತ್ತು 1996ರಲ್ಲಿ ಕೆಲಕಾಲ ಹಂಗಾಮಿಯಾಗಿ ಹಿರಿಯರ ತಂಡ ನೋಡಿಕೊಂಡು, ಸದ್ದಿಲ್ಲದೆ ಹುಡುಗರ ಬಳಿಗೆ ವಾಪಸಾಗಿದ್ದರು.

1999ರ ನವೆಂಬರ್‌ನಲ್ಲಿ ತರಬೇತುದಾರ ಜಾನ್ ಟೊಶಾಕ್ ನಿರ್ಗಮಿಸಿದಾಗ ಮತ್ತೆ ಕರೆ ಬಂತು. ಆ ಋತುವಿನಲ್ಲಿ ತಂಡ ಲೀಗ್‌ನಲ್ಲಿ ಐದನೇ ಸ್ಥಾನಕ್ಕೆ ಕುಸಿದರೂ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಬೇರೆಯೇ ಕಥೆ ನಡೆಯಿತು. ರಕ್ಷಣೆಯಲ್ಲಿ ಇವಾನ್ ಎಲ್ಗೆರಾ ಅವರನ್ನು ಮೂರನೆಯವರಾಗಿ ನಿಲ್ಲಿಸಿ, ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3-2ರಿಂದ ಮಣಿಸಿದರು. ಫೈನಲ್‌ನಲ್ಲಿ ವೆಲೆನ್ಸಿಯಾ ವಿರುದ್ಧ 3-0. ಅಂದು ಗೋಲಿನ ಮುಂದೆ ನಿಂತಿದ್ದ ಇಕೆರ್ ಕಸಿಯಾಸ್ ಕ್ಲಬ್ಬಿನಲ್ಲೇ ಬೆಳೆದ ಹುಡುಗ, ಹತ್ತೊಂಬತ್ತು ತುಂಬಿ ಕೆಲವೇ ದಿನ ಆಗಿತ್ತು.

ಅದೇ ಬೇಸಿಗೆಯಲ್ಲಿ ಫ್ಲೋರೆಂಟಿನೊ ಪೆರೆಸ್ ಅಧ್ಯಕ್ಷರಾದರು. ಫಿಗೊ, ಜಿಡಾನ್, ರೊನಾಲ್ಡೊ ವರ್ಷಕ್ಕೊಬ್ಬರಂತೆ ಬಂದರು. ಇಷ್ಟು ತಾರೆಯರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮನಸ್ತಾಪವಿಲ್ಲದೆ ಆಡಿಸುವುದು ತಂತ್ರಗಾರಿಕೆಯಷ್ಟೇ ದೊಡ್ಡ ಕೌಶಲ. 2001ರ ಲೀಗ್, 2002ರ ಚಾಂಪಿಯನ್ಸ್ ಲೀಗ್, ಅದೇ ವರ್ಷದ ಇಂಟರ್‌ಕಾಂಟಿನೆಂಟಲ್ ಕಪ್, 2003ರ ಲೀಗ್ ಕೈಸೇರಿದವು. ಆದರೆ 2003ರ ಲೀಗ್ ಗೆದ್ದ ಸಂಭ್ರಮ ಇಳಿಯುವ ಮೊದಲೇ ಒಪ್ಪಂದ ಮುಂದುವರಿಸುವುದಿಲ್ಲವೆಂದು ಕ್ಲಬ್ ತಿಳಿಸಿತು. ಆಧುನಿಕ ಶೈಲಿಯ ತರಬೇತುದಾರ ಬೇಕೆಂಬುದು ಆಡಳಿತದ ವಾದ. ಅದೇ ಬೇಸಿಗೆಯಲ್ಲಿ ಕ್ಲೋಡ್ ಮಾಕೆಲೆಲೆ ಕೂಡ ಹೊರಟರು, ಡೇವಿಡ್ ಬೆಕ್ಹಮ್ ಬಂದರು. ಡೆಲ್ ಬೋಸ್ಕೆ ಅವರನ್ನು ಕೈಬಿಟ್ಟದ್ದು ಕ್ಲಬ್ಬಿನ ಇತಿಹಾಸದ ಅತಿ ದೊಡ್ಡ ತಪ್ಪು ನಿರ್ಧಾರಗಳಲ್ಲಿ ಒಂದು. ಮುಂದಿನ ಲೀಗ್ ಪ್ರಶಸ್ತಿಗೆ ಮ್ಯಾಡ್ರಿಡ್ 2007ರವರೆಗೆ ಕಾಯಬೇಕಾಯಿತು. ಆಮೇಲೆ ಸೇರಿದ ಟರ್ಕಿಯ ಬೆಷಿಕ್ತಾಷ್ ಕ್ಲಬ್ಬಿನಲ್ಲಿ ಡೆಲ್ ಬೋಸ್ಕೆ ಒಂದು ಪೂರ್ಣ ಋತುವೂ ಉಳಿಯಲಿಲ್ಲ.

2008ರಲ್ಲಿ ಲೂಯಿಸ್ ಅರಗೋನೆಸ್ ಸ್ಪೇನಿಗೆ ಯೂರೊ ಕಪ್ ಗೆದ್ದುಕೊಟ್ಟು ಇಳಿದಾಗ ಆ ಸ್ಥಾನ ಇವರ ಪಾಲಿಗೆ ಬಂತು. ಗೆದ್ದ ತಂಡವನ್ನು ವಹಿಸಿಕೊಳ್ಳುವುದು ಸೋತ ತಂಡವನ್ನು ಎತ್ತುವುದಕ್ಕಿಂತ ಕಷ್ಟ, ಏಕೆಂದರೆ ಹೊಸಬನಿಗೆ ಏನನ್ನಾದರೂ ಬದಲಿಸುವ ಚಪಲ ಇರುತ್ತದೆ. ಅವರು ಕಿರುಪಾಸ್‌ಗಳ ಆಟವನ್ನು ಹಾಗೆಯೇ ಉಳಿಸಿಕೊಂಡರು. ವಿಶ್ವಕಪ್ ಅರ್ಹತಾ ಸುತ್ತಿನ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದರು. ನಡುವೆ 2009ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಅಮೆರಿಕ ಎದುರು ಸೋತಾಗ, ಅರಗೋನೆಸ್ ಕಾಲದಿಂದ ಬಂದಿದ್ದ 35 ಪಂದ್ಯಗಳ ಅಜೇಯ ಓಟ ನಿಂತಿತು.

ದಕ್ಷಿಣ ಆಫ್ರಿಕಾದಲ್ಲಿ 2010ರ ವಿಶ್ವಕಪ್ಪಿನ ಮೊದಲ ಪಂದ್ಯವನ್ನೇ ಸ್ವಿಟ್ಜರ್ಲೆಂಡ್‌ಗೆ 0-1ರಿಂದ ಒಪ್ಪಿಸಿದ ಮೇಲೆ ಟೀಕೆ ಮಳೆಗರೆಯಿತು. ಸೆರ್ಜಿಯೊ ಬುಸ್ಕೆಟ್ಸ್ ಮತ್ತು ಷಾಬಿ ಅಲೊನ್ಸೊ ಇಬ್ಬರನ್ನೂ ಒಟ್ಟಿಗೆ ಆಡಿಸುವುದು ಅತಿ ಎಚ್ಚರ ಎಂದರು ಹಲವರು. ಡೆಲ್ ಬೋಸ್ಕೆ ಜಗ್ಗಲಿಲ್ಲ. ಬುಸ್ಕೆಟ್ಸ್ ಅವರ ನಿಧಾನದಲ್ಲಿರುವ ಜಾಣ್ಮೆಯನ್ನು, ಒಂದು ಕಾಲಕ್ಕೆ ಹಾಗೆಯೇ ಆಡಿದ್ದ ಅವರು ಇತರರಿಗಿಂತ ಮೊದಲೇ ಗುರುತಿಸಿದ್ದರು. ನಾಕೌಟ್ ಹಂತದ ನಾಲ್ಕೂ ಪಂದ್ಯಗಳು 1-0. ಜುಲೈ 11ರಂದು ಜೋಹಾನ್ಸ್‌ಬರ್ಗ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಹೆಚ್ಚುವರಿ ಅವಧಿಯ 116ನೇ ನಿಮಿಷಕ್ಕೆ ಆಂದ್ರೆಸ್ ಇನಿಯೆಸ್ತಾ ಗೋಲು ಹೊಡೆದರು. ಆ ದಾಳಿಯನ್ನು ಶುರುಮಾಡಿದ ಹೆಸೂಸ್ ನವಾಸ್, ಕೊನೆಯ ಪಾಸ್ ಕೊಟ್ಟ ಸೆಸ್ಕ್ ಫ್ಯಾಬ್ರೆಗಾಸ್ ಇಬ್ಬರೂ ಡೆಲ್ ಬೋಸ್ಕೆ ಬದಲಿಯಾಗಿ ಇಳಿಸಿದವರು. ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು, ಬಿಟ್ಟುಕೊಟ್ಟದ್ದು ಎರಡು. ಸ್ಪೇನಿಗೆ ಅದು ಮೊದಲ ವಿಶ್ವಕಪ್. 2011ರಲ್ಲಿ ದೊರೆ ಹುವಾನ್ ಕಾರ್ಲೋಸ್ ಡೆಲ್ ಬೋಸ್ಕೆಗೆ ಮಾರ್ಕ್ವಿಸ್ ಎಂಬ ಕುಲೀನ ಪದವಿ ನೀಡಿದರು.

ಆ ವರ್ಷ ಮ್ಯಾಡ್ರಿಡ್–ಬಾರ್ಸಿಲೋನಾ ವೈರ ರಾಷ್ಟ್ರೀಯ ತಂಡದೊಳಗೂ ಹೊಗೆಯಾಡಿತು. ಕಸಿಯಾಸ್ ಮತ್ತು ಬಾರ್ಸಿಲೋನಾದ ಷಾವಿ ತಾವಾಗಿ ಮಾತಾಡಿ ಅದನ್ನು ತಣಿಸಿದರು. ತರಬೇತುದಾರರು ಬಹಿರಂಗವಾಗಿ ಯಾರನ್ನೂ ದೂರದೆ ಅದಕ್ಕೆ ಎಡೆ ಮಾಡಿಕೊಟ್ಟರು. 2012ರ ಯೂರೊ ಕಪ್‌ಗೆ ಅಪ್ಪಟ ಸ್ಟ್ರೈಕರ್ ಬದಲು ಫ್ಯಾಬ್ರೆಗಾಸ್ ಅವರನ್ನು ಮುಂದೆ ನಿಲ್ಲಿಸಿದಾಗ ಆಟ ಬೇಸರ ತರಿಸುತ್ತದೆ ಎಂಬ ದೂರು ಎದ್ದಿತು. ಕೀವ್‌ನ ಫೈನಲ್‌ನಲ್ಲಿ ಇಟಲಿ ವಿರುದ್ಧ 4-0 ಗೆಲುವು ಅದಕ್ಕೆ ಉತ್ತರವಾಯಿತು. ಯೂರೊ, ವಿಶ್ವಕಪ್, ಮತ್ತೆ ಯೂರೊ ಎಂದು ಸತತವಾಗಿ ಗೆದ್ದ ದೇಶ ಅದಕ್ಕೂ ಮೊದಲು ಇರಲಿಲ್ಲ. 2012ರ ಫಿಫಾ ವರ್ಷದ ತರಬೇತುದಾರ ಗೌರವವೂ ಅವರಿಗೆ ಸಂದಿತು.

ಇಳಿಮುಖ ಬೇಗನೆ ಬಂತು. ಗೆದ್ದುಕೊಟ್ಟವರ ಮೇಲಿನ ನಂಬಿಕೆ ಇಲ್ಲಿ ಅವರಿಗೇ ಮುಳುವಾಯಿತು, ದಣಿದ ಕಾಲುಗಳನ್ನು ಕೈಬಿಡಲು ಅವರು ತಡಮಾಡಿದರು. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ 5-1ರಿಂದ, ಚಿಲಿ 2-0ರಿಂದ ಸೋಲಿಸಿ ಸ್ಪೇನನ್ನು ಗುಂಪು ಹಂತದಲ್ಲೇ ಮನೆಗೆ ಕಳಿಸಿದವು. 2016ರ ಯೂರೊ ಕಪ್‌ನಲ್ಲಿ ಇಟಲಿ ಎದುರು ಸೋತ ಬಳಿಕ ಹುದ್ದೆ ಬಿಟ್ಟರು. ಮತ್ತೆ ಯಾವ ತಂಡವನ್ನೂ ಒಪ್ಪಿಕೊಳ್ಳಲಿಲ್ಲ. 2024ರ ಏಪ್ರಿಲ್‌ನಲ್ಲಿ, ಹಗರಣಗಳಿಂದ ಕಂಗೆಟ್ಟಿದ್ದ ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಮೇಲ್ವಿಚಾರಣೆಗೆ ಸರ್ಕಾರ ರಚಿಸಿದ ಸಮಿತಿಯ ನೇತೃತ್ವಕ್ಕೆ ಅವರನ್ನೇ ಆರಿಸಲಾಯಿತು.